ಬೆರಳುದ್ದದ ಪೈರು

ಅಂತನನರಿವು: ಹಗ್ಗ

ಮಡಗಾಸ್ಕರಿನಲ್ಲಿ ನಮ್ಮನ್ನು ಮೊದಲು ತಡೆದು ನಿಲ್ಲಿಸಿದ್ದು ಅವ್ವನ ಹಗ್ಗ.

ವಿಮಾನ ನಿಲ್ದಾಣದ ಅಧಿಕಾರಿ ಅವ್ವನ ಬ್ಯಾಗಿನೊಳಗೆ ಕೈ ಹಾಕಿ ಅದರ ತುದಿ ಹಿಡಿದು ಎಳೆದ. ಹಗ್ಗ ಬಂತು. ಇನ್ನೂ ಎಳೆದ, ಇನ್ನೂ ಬಂತು. ಗೇಣಿಗೊಂದರಂತೆ ಕೆಂಪು ಬಟ್ಟೆಯ ಚೂರು ಕಟ್ಟಿದ ಆ ತೆಂಗಿನ ನಾರಿನ ಹಗ್ಗ ಮೇಜಿನ ಮೇಲೆ ರಾಶಿಯಾಯಿತು. ಹಿಂದೆ ನಿಂತಿದ್ದವರೆಲ್ಲ ಕತ್ತು ಚಾಚಿ ನೋಡತೊಡಗಿದರು.

"ಏನಂತೆ ಅವ್ನಿಗೆ?" ಎಂದು ಕೇಳಿದಳು ಅವ್ವ.

"ಇದು ಯಾತಕ್ಕೆ ಅಂತ ಕೇಳ್ತಿದಾನೆ."

"ನಾಟಿಗೆ ಅನ್ನು. ಇವ್ರೂರಲ್ಲಿ ಬತ್ತ ಬೆಳೆಯಾಕಿಲ್ವಂತಾ?"

ನನಗೆ ಫ್ರೆಂಚ್ ಬಾರದು, ಆತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಪದ ಹುಡುಕುತ್ತಿರುವಾಗಲೇ ಅವ್ವ ಸೆರಗು ಸಿಕ್ಕಿಸಿ, ಸೊಂಟ ಬಗ್ಗಿಸಿ, ಹಗ್ಗದ ತುದಿಯನ್ನು ನೆಲಕ್ಕೆಳೆದು ಅದರ ಗುಂಟ ಹಿಂದಕ್ಕೆ ಹೆಜ್ಜೆಯಿಡುತ್ತ ಆ ಹೊಳೆಯುವ ನೆಲದ ಮೇಲೆ ಐದಾರು ಪೈರು ನೆಟ್ಟೇಬಿಟ್ಟಳು. ಅಧಿಕಾರಿ ಜೋರಾಗಿ ನಕ್ಕ. "ವಾರಿ! ವಾರಿ!" ಎಂದ. ಅವರ ಮಾತಿನಲ್ಲಿ ವಾರಿ ಎಂದರೆ ಬತ್ತವೂ ಹೌದು, ಅಕ್ಕಿಯೂ ಹೌದು, ಅನ್ನವೂ ಹೌದು ಎಂದು ಆಮೇಲೆ ತಿಳಿಯಿತು. ಆಮೇಲೆ ಆತ ತಾನೇ ಆ ಹಗ್ಗವನ್ನು ಹೆಬ್ಬೆರಳಿನಿಂದ ಮೊಣಕೈಗೆ ಸುತ್ತಿ ಸಿಂಬಿ ಮಾಡಿ ಕೊಟ್ಟ. ನಮ್ಮೂರಿನವರು ಸುತ್ತುವುದೂ ಹಾಗೆಯೇ.

"ಇವ್ನು ರೈತ್ರ ಮಗ ಕಣೆ," ಎಂದಳು ಅವ್ವ. ಅವಳ ಮಟ್ಟಿಗೆ ಆ ದೇಶದ ಪರಿಚಯ ಅಲ್ಲಿಗೆ ಮುಗಿದಿತ್ತು.

ನಾವು ಅಲ್ಲಿಗೆ ಹೋದ ಕಾರಣ ಹೇಳಿಬಿಡುತ್ತೇನೆ. ನನ್ನ ಅವ್ವ ಜಯಮ್ಮ ಕೆ.ಆರ್. ನಗರ ತಾಲೂಕಿನ ಹೊಸ ಅಗ್ರಹಾರದ ಹತ್ತಿರ ಒಂದೂವರೆ ಎಕರೆ ನಾಲೆಬಯಲಿನ ಒಡತಿ. ನಾನು ಹುಣಸೂರಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ; ಹದಿನೇಳನೆಯ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ, ನೆನಪನ್ನು ನಂಬದಿರುವುದೇ ಅದಕ್ಕೆ ಕಾರಣ. ಹದಿನೈದಿಪ್ಪತ್ತು ವರ್ಷದ ಹಿಂದೆ ನಮ್ಮ ಕಡೆಗೆ 'ಮಡಗಾಸ್ಕರ್ ಪದ್ಧತಿ' ಎಂಬ ಹೆಸರಿನಲ್ಲಿ ಒಂದು ನಾಟಿ ಕ್ರಮ ಬಂತು. ಹಿಡಿ ಹಿಡಿ ಪೈರನ್ನು ಒತ್ತೊತ್ತಾಗಿ ನೆಡುವ ಬದಲು, ಎಂಟು ಹತ್ತು ದಿನದ ಎಳೆಯ ಪೈರನ್ನು ಒಂದೊಂದಾಗಿ, ಗೇಣು ಗೇಣು ಬಿಟ್ಟು ನೆಡುವುದು. ನೀರನ್ನೂ ಸದಾ ನಿಲ್ಲಿಸುವಂತಿಲ್ಲ. ನಮ್ಮ ಊರಿನಲ್ಲಿ ಅದನ್ನು ಮೊದಲು ಮಾಡಿದ್ದು ನಮ್ಮ ಮನೆ. ಬದುವಿನ ಮೇಲೆ ನಿಂತು, ಅಪ್ಪ ಪಂಚೆ ಎತ್ತಿಕಟ್ಟಿ ಒಂಟಿ ಪೈರು ನೆಡುವುದನ್ನು ನಾನು ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಪತ್ರಿಕೆಯವರೊಬ್ಬರು ತೆಗೆದ ಅಪ್ಪನ ಫೋಟೋ ನಮ್ಮ ನಡುಮನೆಯಲ್ಲಿದೆ. ಅಪ್ಪ ಈಗಿಲ್ಲ. ಮಡಗಾಸ್ಕರಿನ ರೈತರ ಗುಂಪೊಂದು ಬೇರೆ ದೇಶಗಳಲ್ಲಿ ಹೀಗೆ ನಾಟಿ ಮಾಡುವವರನ್ನು ಕರೆದಾಗ ಆ ಕರೆ ಅವ್ವನಿಗೆ ಬಂತು. ದುಭಾಷಿಯಾಗಿ ನಾನು ಹೊರಟೆ.

ರಾಣಿಯ ಗುಡ್ಡ

ಅಂತನನರಿವು ಗುಡ್ಡಗಳ ಮೇಲೆ ಕಟ್ಟಿದ ಊರು. ನಡುವಿನ ತಗ್ಗುಗಳಲ್ಲಿ, ರಾಜಧಾನಿಯ ಮಧ್ಯದಲ್ಲಿಯೇ, ಬತ್ತದ ಗದ್ದೆಗಳು. ಮೈಸೂರಿನ ದೊಡ್ಡ ಗಡಿಯಾರದ ಪಕ್ಕದಲ್ಲಿ ನಾಟಿ ನಡೆದಂತೆ. ಅವ್ವನಿಗೆ ಇದು ಬಹಳ ಹಿಡಿಸಿತು.

ನಮ್ಮ ಜೊತೆಗಿದ್ದ ಹುಡುಗಿ ಹಾಸಿನಾ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದುತ್ತಿದ್ದಳು. ಅವ್ವನ ಕನ್ನಡವನ್ನು ನಾನು ಇಂಗ್ಲಿಷ್ ಮಾಡಿ, ಅದನ್ನು ಹಾಸಿನಾ ಮಲಗಾಸಿ ಮಾಡಿ, ಉತ್ತರ ಮತ್ತೆ ಅದೇ ದಾರಿಯಲ್ಲಿ ವಾಪಸು ಬರಬೇಕು. ಅವ್ವ ಹತ್ತು ಮಾತಾಡಿದರೆ ಆಚೆ ತಲುಪುತ್ತಿದ್ದದ್ದು ನಾಲ್ಕು.

ಎತ್ತರದ ಗುಡ್ಡದ ಮೇಲೆ ರಾಣಿಯ ಅರಮನೆಯಿದೆ. ಸಾವಿರದ ಎಂಟುನೂರ ತೊಂಬತ್ತಾರರಲ್ಲಿ ಫ್ರೆಂಚರು ಈ ದ್ವೀಪವನ್ನು ತಮ್ಮ ವಸಾಹತು ಎಂದು ಘೋಷಿಸಿದರು. ಮರುವರ್ಷವೇ ಕೊನೆಯ ರಾಣಿಯನ್ನು ಸಿಂಹಾಸನದಿಂದ ಇಳಿಸಿ ಗಡೀಪಾರು ಮಾಡಿದರು. ಮೊದಲು ಪಕ್ಕದ ಇನ್ನೊಂದು ದ್ವೀಪಕ್ಕೆ, ಅಲ್ಲಿಂದ ಆಫ್ರಿಕಾದ ಉತ್ತರ ತುದಿಯ ಅಲ್ಜಿಯರ್ಸಿಗೆ. ಆಕೆ ತನ್ನ ನೆಲವನ್ನು ಮತ್ತೆ ನೋಡಲಿಲ್ಲ. ಆಕೆಯ ಅಸ್ಥಿ ಮಾತ್ರ ಎಷ್ಟೋ ವರ್ಷದ ಮೇಲೆ ಮರಳಿತು.

"ನಮ್ ಮಾರಾಜ್ರನ್ನ ಬ್ರಿಟಿಷ್ರು ಅರಮನೇಲೇ ಕುಂಡ್ರುಸಿದ್ರು. ಇವ್ರು ರಾಣಿನೇ ಎತ್ತಾಕ್ಬುಟ್ರಾ?"

ಹೌದೆಂದೆ. ಹಾಸಿನಾ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ನಾಟಿತು. ರಾಣಿ ಹೋದಮೇಲೆ ಹಳ್ಳಿಗೆ ಬಂದದ್ದು ಎರಡು: ತಲೆಗಂದಾಯ ಮತ್ತು ಬಿಟ್ಟಿ ಕೆಲಸ. ರಸ್ತೆಗೆ, ರೈಲುಹಳಿಗೆ, ತೋಟಗಳಿಗೆ ಗಂಡಸರ ಹೆಸರು ಕೂಗುತ್ತಿದ್ದರು. ಗದ್ದೆ ಕಾದು ನಿಂತಿದ್ದರೂ ಹೋಗಲೇಬೇಕು. ತರಗತಿಯಲ್ಲಿ ನಾನು ಆಫ್ರಿಕಾದ ವಸಾಹತುಗಳನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆ. ಆ ಗಂಟೆಯಲ್ಲಿ ನಾಟಿಯ ದಿನ ಎಂಬುದು ಒಮ್ಮೆಯೂ ಬಂದದ್ದಿಲ್ಲ.

ದಕ್ಷಿಣದ ರಸ್ತೆ

ದಕ್ಷಿಣಕ್ಕೆ ಎರಡು ದಿನದ ದಾರಿ. ವ್ಯಾನಿನ ತಲೆಯ ಮೇಲೆ ಕೋಳಿ ಬುಟ್ಟಿ, ಹಾಸಿಗೆ, ಸೈಕಲ್ಲು, ಒಳಗೆ ನಾವು. ನಮ್ಮ ಕಡೆಯ ಬಿಳಿಕೆರೆಯಲ್ಲಿ ಸಂಜೆಯ ಬಸ್ಸು ಹತ್ತಿ ಅಭ್ಯಾಸವಿದ್ದ ನನಗೆ ಅದು ಹೊಸದಾಗಿ ಕಾಣಲಿಲ್ಲ.

ದಾರಿಯ ಸಂತೆಯೊಂದರಲ್ಲಿ ಒಬ್ಬಾಕೆ ಅವ್ವನ ಸೆರಗು ಹಿಡಿದು, ಗಜಕ್ಕೆ ಎಷ್ಟು ಎಂದು ಕೇಳಿದಳು. ಫ್ರೆಂಚರ ಕಾಲದಿಂದಲೂ ಅಲ್ಲಿ ಗುಜರಾತಿನ ಕಡೆಯ ಬಟ್ಟೆ ವ್ಯಾಪಾರಿಗಳಿದ್ದಾರೆ. ನಮ್ಮ ಮುಖದವರೆಂದರೆ ಅಂಗಡಿಯವರು ಎಂಬ ಲೆಕ್ಕ.

"ನಾವ್ ಬಟ್ಟೆ ಯಾಪಾರ್ದೋರಲ್ಲ ಕಣವ್ವ, ಗದ್ದೆ ಮಾಡೋರು," ಎಂದಳು ಅವ್ವ ಕನ್ನಡದಲ್ಲಿಯೇ, ಅಂಗೈ ಚಾಚಿ ತೋರಿಸುತ್ತ. ಆಕೆ ಆ ಅಂಗೈಯನ್ನು ಮುಟ್ಟಿ ನೋಡಿದಳು. ತನ್ನ ಅಂಗೈಯನ್ನೂ ಪಕ್ಕಕ್ಕೆ ಇಟ್ಟಳು. ಇಬ್ಬರೂ ನಕ್ಕರು. ಇಲ್ಲಿ ದುಭಾಷಿಗೆ ಕೆಲಸವಿರಲಿಲ್ಲ.

ಅಲ್ಲಿ ಮೂರು ಹೊತ್ತೂ ಅನ್ನ. ಅಕ್ಕಿ ಅಳೆಯುವುದು ಮಂದ ಹಾಲಿನ ಖಾಲಿ ಡಬ್ಬಿಯಲ್ಲಿ. ಆ ಡಬ್ಬಿಯೇ ಅವರ ಪಾವು. ಅನ್ನ ಬಡಿಸಿದ ಮೇಲೆ ತಳ ಹಿಡಿದ ಸೀಕನ್ನು ಹಾಗೇ ಬಿಟ್ಟು, ಅದೇ ಪಾತ್ರೆಗೆ ನೀರು ಹೊಯ್ದು ಕುದಿಸಿ, ಆ ಕಂದು ನೀರನ್ನು ಊಟದ ಜೊತೆ ಕುಡಿಯುತ್ತಾರೆ. ಮೊದಲ ಗುಟುಕಿಗೆ ನಾನು ಮುಖ ಸಿಂಡರಿಸಿದೆ. ಅವ್ವ ಎರಡನೆಯ ಲೋಟ ಕೇಳಿದಳು. "ಸೀದೋಗಿದ್ನೂ ಬುಡಾಕಿಲ್ಲ ನೋಡು ಇವ್ರು. ನಾನು ಮದ್ವೆಯಾಗಿ ಬಂದ ವರ್ಷ ಅನ್ನ ಸೀಯ್ಸಿದ್ಕೆ ನಿಮ್ಮಜ್ಜಿ ಮೂರ್ದಿನ ಮಾತಾಡ್ಲಿಲ್ಲ. ಇಲ್ಲಿಗೆ ಸೊಸೆಯಾಗಿ ಬಂದಿದ್ರೆ ಬದುಕ್ತಿದ್ದೆ."

ಎರಡನೆಯ ದಿನ ಮಧ್ಯಾಹ್ನ ಹಾಸಿನಾ ಚಾಲಕನಿಗೆ ಏನೋ ಹೇಳಿದಳು. ಏನೆಂದು ಕೇಳಿದೆ. "ಬೋಳುತಲೆಯ ಹತ್ತಿರ ನಿಲ್ಲಿಸಿ ಅಂದೆ. ಆ ಗದ್ದೆಯ ಹೆಸರು ಅದು." ಕಿಟಕಿಯಾಚೆ ನೋಡಿದೆ. ಆ ಬಯಲಿನಲ್ಲೆಲ್ಲ ಅದಕ್ಕಿಂತ ಹಸಿರಾದ ಗದ್ದೆ ಇನ್ನೊಂದಿರಲಿಲ್ಲ. ವಿಚಿತ್ರವೆನ್ನಿಸಿ ದಿನಚರಿಯಲ್ಲಿ ಗುರುತು ಹಾಕಿಕೊಂಡೆ.

ರಾಸುವಾ ಅವರ ಗದ್ದೆ

ನಮ್ಮನ್ನು ಇಳಿಸಿಕೊಂಡವರು ರಾಸುವಾ ಎಂಬ ಎಂಬತ್ತಾರರ ಹೆಂಗಸು. ಒಣಗಿದ ಸಣ್ಣ ದೇಹ, ಹುಲ್ಲಿನ ಟೋಪಿ, ಭುಜದ ಮೇಲೆ ಬಿಳಿ ಶಾಲು. ಕೆಂಪು ಮಣ್ಣಿನ ಎರಡಂತಸ್ತಿನ ಮನೆ. ಡಿಸೆಂಬರ್ ಅಲ್ಲಿ ನಾಟಿಯ ಕಾಲ. ಗದ್ದೆಯ ಅರ್ಧ ಮೊದಲೇ ನೆಟ್ಟು ಹಸಿರಾಗಿತ್ತು, ಉಳಿದರ್ಧದಲ್ಲಿ ಕೆಲಸ ನಡೆದಿತ್ತು. ನೇಗಿಲಿರಲಿಲ್ಲ, ಏಳೆಂಟು ದನಗಳನ್ನು ನೀರು ನಿಂತ ಮಣ್ಣಿನಲ್ಲಿ ಸುತ್ತು ಸುತ್ತು ಓಡಿಸಿ, ಗೊರಸಿನಿಂದಲೇ ಕೆಸರು ಮಾಡುತ್ತಿದ್ದರು. ಅವ್ವ ಬದುವಿನ ಮೇಲೆ ನಿಂತು, ದನದ ಹಿಂದೆ ಓಡುವವರಿಗೆ "ಎಡಕ್ ಒಡಿರ್ಲಾ, ಮೂಲೆ ಬುಟ್ಟೋಯ್ತು!" ಎಂದು ಕೂಗಿದಳು. ಅವರಿಗೆ ಅರ್ಥವಾದಂತೆಯೇ ಇತ್ತು, ಎಡಕ್ಕೆ ಹೊಡೆದರು.

ಗದ್ದೆಯ ಮೂಲೆಯಲ್ಲಿ ಎದೆಮಟ್ಟದ ಒಂದು ಕಲ್ಲು ನಿಲ್ಲಿಸಿತ್ತು. ನಮ್ಮ ವೀರಗಲ್ಲಿನಂತೆ, ಆದರೆ ಚಿತ್ರವಿಲ್ಲ, ಅಕ್ಷರವಿಲ್ಲ. ನಾನು ಬೆರಳು ಚಾಚಿ ಅದೇನೆಂದು ಕೇಳಿದೆ. ರಾಸುವಾ ಮೆಲ್ಲಗೆ ನನ್ನ ಬೆರಳು ಹಿಡಿದು ಒಳಕ್ಕೆ ಮಡಚಿದರು. ಹಿರಿಯರ ಕಲ್ಲಿನ ಕಡೆ ನೆಟ್ಟಗೆ ಬೆರಳು ಚಾಚಬಾರದು, ಮಡಚಿದ ಗೆಣ್ಣಿನಿಂದ ತೋರಿಸಬೇಕು ಎಂದಳು ಹಾಸಿನಾ. ನಾಚಿಕೆಯಾಯಿತು.

"ಅಲ್ಲಿ ನನ್ನ ತಂದೆ ಇಲ್ಲ," ಎಂದರು ರಾಸುವಾ. "ದೇಹ ಸಿಗದವರಿಗೆ ಕಲ್ಲು."

ಅವರು ಹೇಳಿದ್ದನ್ನು ಆ ದಿನವೇ ಬರೆದುಕೊಂಡಿದ್ದೇನೆ, ಅದರಿಂದ ಕೊಡುತ್ತೇನೆ.

ಅವರಿಗೆ ಆಗ ಆರು ವರ್ಷವಿರಬೇಕು. ಮಹಾಯುದ್ಧದ ಕಾಲ. ಫ್ರೆಂಚ್ ಸರ್ಕಾರ ಹಳ್ಳಿಗಳಿಂದ ಬತ್ತ ಎತ್ತಿಕೊಂಡು ಹೋಗುತ್ತಿತ್ತು; ಬೆಳೆದವರು ಪೇಟೆಯಲ್ಲಿ ಕೊಂಡು ತಿನ್ನಬೇಕು. ತಂದೆ ರಾಬೆ ಬಿತ್ತನೆಗೆಂದು ಬಚ್ಚಿಟ್ಟದ್ದು ಕೆಲವೇ ಡಬ್ಬಿ. ಒಟ್ಟಲು, ಅಂದರೆ ಸಸಿಮಡಿ, ಹಾಕಿ ಹತ್ತು ದಿನವಾಗಿತ್ತು, ಪೈರು ಬಲಿಯಲು ಇನ್ನೂ ತಿಂಗಳು ಬೇಕು. ಅಷ್ಟರಲ್ಲಿ ರಸ್ತೆ ಕೆಲಸಕ್ಕೆ ಹೆಸರು ಬಂತು. ಮರುದಿನ ಹೊರಡಬೇಕು. ಬಿಟ್ಟು ಹೋದರೆ ನೆಡುವವರಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಳು. ರಾಬೆ ಆ ಎಳೆಯ ಪೈರನ್ನೇ ಕಿತ್ತ. ಇದ್ದದ್ದು ಸ್ವಲ್ಪ, ಗದ್ದೆ ದೊಡ್ಡದು. ಒಂದೊಂದಾಗಿ, ಗೇಣು ಗೇಣು ಬಿಟ್ಟು, ಇಡೀ ದಿನ ನೆಟ್ಟ. ನೀರು ಕಟ್ಟಲು ಆಳಿಲ್ಲದೆ ಗದ್ದೆ ಆಗಾಗ ಒಣಗಿತು. ನೆರೆಯವರು ಬದುವಿನ ಮೇಲೆ ನಿಂತು, ರಾಬೆ ಬೋಳುತಲೆಗೆ ಕೂದಲು ನೆಡುತ್ತಿದ್ದಾನೆ ಎಂದು ನಕ್ಕರು. ಕೆಲವು ತಿಂಗಳ ಮೇಲೆ ಆತ ಬಂದು ನೋಡಿದರೆ ಒಂದೊಂದು ಬುಡವೂ ತೆಂಡೆ ಒಡೆದು, ಒಂದಕ್ಕೆ ಹತ್ತಾರು ಮರಿಯಾಗಿ, ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪವಾಗಿ ನಿಂತಿತ್ತು.

ಆಮೇಲೆ ರಾಬೆ ಬೇಕೆಂದೇ ಹಾಗೆ ನೆಟ್ಟ. ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಜನ ಫ್ರೆಂಚರ ವಿರುದ್ಧ ದಂಗೆ ಎದ್ದಾಗ ಆತನೂ ಪೂರ್ವದ ಕಾಡಿನ ಕಡೆ ಹೋದ. ಬರಲಿಲ್ಲ. ನಮಗೆ ಸ್ವಾತಂತ್ರ್ಯ ಬಂದ ವರ್ಷ ಅದು. ಅಲ್ಲಿ ಸತ್ತವರು ಎಷ್ಟು ಸಾವಿರ ಎಂಬುದರ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ. ಎಣಿಕೆಗೆ ಸಿಗದವರಲ್ಲಿ ಒಬ್ಬನಿಗೆ ಈ ಕಲ್ಲು.

ರಾಸುವಾ ಈಗ ಕೇಳುತ್ತಿರುವುದು ಒಂದೇ. ರೈತರ ಗುಂಪಿನ ಕಣಜದ ಮುಂದಿನ ಹಳೆಯ ತಗಡಿನ ಹಲಗೆ ತುಕ್ಕು ಹಿಡಿದಿದೆ, ಹೊಸದು ಬರೆಸುತ್ತಾರೆ. ಈ ನಾಟಿಯನ್ನು ಊರಿಗೆ ಕಲಿಸಿದವರು ಎಂದು ಅದರಲ್ಲಿದ್ದದ್ದು, ಸಾವಿರದ ಒಂಬೈನೂರ ಅರವತ್ತರಲ್ಲಿ ಆ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ವರ್ಷ ಮೊದಲು ಬಂದಿದ್ದ ಒಬ್ಬ ಫ್ರೆಂಚ್ ಕೃಷಿ ಬೋಧಕನ ಹೆಸರು. ಹೊಸ ಹಲಗೆಯಲ್ಲಿ ತಂದೆಯ ಹೆಸರು ಬರಬೇಕು. ನಾಳೆ ಸಭೆ. ಇತಿಹಾಸ ಓದಿಸುವವಳು ನೀನು, ನಿನ್ನ ಮಾತು ಕೇಳುತ್ತಾರೆ ಎಂದರು.

ನಾನು ಏನನ್ನೂ ಒಪ್ಪಿಕೊಳ್ಳಲಿಲ್ಲ. ಆರು ವರ್ಷದ ಮಗುವಿನ ನೆನಪು, ಎಂಬತ್ತು ವರ್ಷ ಹಳೆಯದು. ಕೇಳಲು ಚೆನ್ನಾಗಿದೆ, ಚೆನ್ನಾಗಿರುವ ನೆನಪುಗಳ ಮೇಲೆಯೇ ನನಗೆ ಅನುಮಾನ ಹೆಚ್ಚು.

ಅವ್ವ ಮಾತ್ರ ಒಂದು ಪ್ರಶ್ನೆ ಕೇಳಿಸಿದಳು. "ಅವತ್ತು ಕಿತ್ತ ಪೈರಿನ ಬೇರಲ್ಲಿ ಕಾಳು ಇನ್ನೂ ಕಚ್ಕಂಡಿತ್ತಾ, ಕೇಳು."

ರಾಸುವಾ ತಡವರಿಸಲಿಲ್ಲ. ಕಚ್ಚಿಕೊಂಡಿತ್ತು, ನಾನು ಅದನ್ನು ಚಿವುಟಿ ಎಸೆಯುತ್ತಿದ್ದೆ, ಅದಿನ್ನೂ ಹಾಲು ಕುಡಿಯುವ ಕೂಸು, ಬಿಡಿಸಬೇಡ ಎಂದು ತಂದೆ ಗದರಿದ ಎಂದರು.

ಕಾಳು ಹಾಗೆ ಉಳಿದಿರುವುದು ಎಂಟು ಹತ್ತು ದಿನದ ಎಳೆಯ ಪೈರಿನಲ್ಲಿ ಮಾತ್ರ. ಅವ್ವ ನನ್ನ ಕಡೆ ತಿರುಗಿದಳು. "ಸಾಕಲ್ಲ?"

"ಸಾಲದು ಅವ್ವ. ಈಗ ಊರಲ್ಲೆಲ್ಲ ಹಿಂಗೇ ನೆಡ್ತಾರೆ. ಆಮೇಲೆ ನೋಡಿದ್ದು ಹಳೇ ನೆನಪಿನ ಜೊತೆ ಸೇರ್ಕೊಂಡಿರಬಹುದು."

"ಓದಿ ಓದಿ ನಿಂಗೆ ಮನುಸ್ರ ಮುಖ ನೋಡದೇ ಮರ್ತೋಗದೆ ಬುಡು," ಎಂದಳು.

ಕಣಜದ ಮುಂದೆ

ಮರುದಿನ ಬೆಳಿಗ್ಗೆ ನಲವತ್ತು ಐವತ್ತು ಜನ ಚಾಪೆಗಳ ಮೇಲೆ ಕುಳಿತಿದ್ದರು. ಅಲ್ಲಿ ಸಭೆಯಲ್ಲಿ ಮಾತಾಡುವುದಕ್ಕೆ ಒಂದು ಕ್ರಮವಿದೆ. ಎದ್ದ ಕೂಡಲೇ ವಿಷಯಕ್ಕೆ ಬರುವಂತಿಲ್ಲ. ಮೊದಲು ಕ್ಷಮೆ ಕೇಳಬೇಕು: ಇಲ್ಲಿ ನನಗಿಂತ ಹಿರಿಯರಿದ್ದಾರೆ, ತಿಳಿದವರಿದ್ದಾರೆ, ನಾನು ಬಾಯಿ ತೆರೆಯುವುದೇ ಅಧಿಕಪ್ರಸಂಗ, ಆದರೂ ಸಹಿಸಬೇಕು ಎಂದು. ಕ್ಷಮೆ ಚೆನ್ನಾಗಿದ್ದರೆ ಜನ ತಲೆದೂಗುತ್ತಾರೆ.

ಗುಂಪಿನ ಅಧ್ಯಕ್ಷರಾದ ನಿವೃತ್ತ ಶಾಲಾ ಮೇಷ್ಟ್ರು ಮೊದಲು ಎದ್ದರು. ಅವರ ಕ್ಷಮೆಯೇ ಕಾಲು ಗಂಟೆ ನಡೆಯಿತು. ಹಾಸಿನಾ ನನಗೆ ಹೇಳಿದ್ದು: "ಕ್ಷಮೆ ಕೇಳ್ತಿದ್ದಾರೆ." ನಾನು ಅವ್ವನಿಗೆ ಹೇಳಿದ್ದೂ ಅಷ್ಟೆ. "ಏನ್ ತಪ್ಪು ಮಾಡವ್ರೆ ಪಾಪ?" ಎಂದಳು ಅವ್ವ.

ಮೇಷ್ಟ್ರು ಒಳ್ಳೆಯವರು. ತಾವು ಚಿಕ್ಕವರಿದ್ದಾಗ ಫ್ರೆಂಚ್ ಪುಸ್ತಕದಿಂದ ನಮ್ಮ ಪೂರ್ವಜರು ಗಾಲರು ಎಂದು, ಎಂದೂ ಕಾಣದ ದೇಶದವರನ್ನು ತಮ್ಮ ಹಿರಿಯರೆಂದು, ಬಾಯಿಪಾಠ ಮಾಡಿದ್ದನ್ನು ಹಿಂದಿನ ಸಂಜೆ ಅವರೇ ನಮಗೆ ನಗುತ್ತ ಹೇಳಿದ್ದರು. ಅವರಿಗೆ ರಾಸುವಾ ಮೇಲೆ ಗೌರವವಿದೆ. ಆದರೆ ಹಲಗೆಯಲ್ಲಿ ಬರೆಯುವುದಕ್ಕೆ ಆಧಾರ ಬೇಕಲ್ಲ? ಆಧಾರ ನಮ್ಮಲ್ಲಿದೆ ಎಂದು ಒಂದು ಹಳೆಯ ಕಪ್ಪುಬಿಳುಪು ಫೋಟೋ ಎತ್ತಿ ಹಿಡಿದರು. ಪ್ಯಾಂಟು ಮೊಣಕಾಲಿಗೆ ಮಡಚಿದ ಬಿಳಿಯನೊಬ್ಬ ಗದ್ದೆಯಲ್ಲಿ ನಿಂತು, ಒಂದೇ ಒಂದು ಪೈರು ಹಿಡಿದು ನಗುತ್ತಿದ್ದಾನೆ.

ಫೋಟೋ ಕೈಯಿಂದ ಕೈಗೆ ಬಂತು. ನಾನು ನೋಡಿದೆ. ನನ್ನ ಮನಸ್ಸು ಆಗಲೇ ಮೇಷ್ಟ್ರ ಕಡೆ ವಾಲಿತ್ತು. ದಾಖಲೆ ಎಂದರೆ ದಾಖಲೆ. ರಾಸುವಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿದೆ.

ಅವ್ವ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ದೂರಕ್ಕೆ ಹಿಡಿದು, ಮೊಣಕಾಲಿನ ಮೇಲಿಟ್ಟುಕೊಂಡಳು. ಎದ್ದು ನಿಂತಳು.

"ಏನ್ ಮಾಡ್ತಿದೀಯ?" ಎಂದೆ.

"ನೀನು ಸುಮ್ಕೆ ಯೋಳ್ತಾ ಓಗು," ಎಂದು ಸೆರಗು ಹೊದ್ದುಕೊಂಡು ಕೈ ಮುಗಿದಳು. "ನಾನೇನು ಓದ್ದೋಳಲ್ಲ ಕಣ್ರಪ್ಪ. ಎಬ್ಬೆಟ್ಟು. ಪರದೇಸದೋಳು ಬ್ಯಾರೆ. ನಿಮ್ಮೂರ್ ಇಚಾರ ನಿಮಗೇ ಗೊತ್ತು. ದೊಡ್ಡೋರೆಲ್ಲ ಕುಂತಿರುವಾಗ ನಾನು ನಿಂತ್ಕಂಡು ಮಾತಾಡ್ಬಾರ್ದು. ತಪ್ಪಾದ್ರೆ ಒಟ್ಟೆಗಾಕ್ಕಳಿ."

ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನಮ್ಮ ಪಂಚಾಯ್ತಿ ಕಟ್ಟೆಯ ಮುಂದೆ ನಿಂತಿದ್ದರೂ ಅವಳು ಹೀಗೆಯೇ ಶುರು ಮಾಡುತ್ತಿದ್ದಳು. ಹಾಸಿನಾ ಮಲಗಾಸಿಯಲ್ಲಿ ಹೇಳಿ ಮುಗಿಸಿದಾಗ ಚಾಪೆಗಳ ಮೇಲೆ ಮೆಚ್ಚುಗೆಯ ಗುಂಯ್‌ಗುಡುವ ಸದ್ದೆದ್ದಿತು. ಮೇಷ್ಟ್ರು ಟೋಪಿ ತೆಗೆದರು. ಹೊಟ್ಟೆಗೆ ಹಾಕಿಕೊಳ್ಳಿ ಎಂಬ ಮಾತನ್ನು ಒಬ್ಬ ಮುದುಕ ಎರಡು ಸಲ ಹೇಳಿಸಿಕೊಂಡ.

ಅವ್ವ ಫೋಟೋ ಎತ್ತಿದಳು. "ಈ ಪೈರು ನೋಡಿ. ಇವ್ನ ಮಂಡಿಯುದ್ದ ಅದೆ. ಎಂಟತ್ತು ದಿನದ ಪೈರು ಬೆಳ್ಳುದ್ದ ಇರ್ತದೆ, ಮಂಡಿಯುದ್ದ ಬರಾಕಿಲ್ಲ. ಇದು ತಿಂಗ್ಳಿನ್ ಮೇಲಿನ ಪೈರು. ಹಿಂದ್ಗಡೆ ನೋಡಿ, ಗದ್ದೆ ಆಗ್ಲೇ ಕವ್ಕಂಡದೆ. ಅಂದ್ರೆ ನೆಟ್ಟು ತಿಂಗ್ಳಾದ್ ಮೇಲೆ, ಬುಡದಿಂದ ಒಂದು ಕಿತ್ಕಂಡು ಫೋಟೋಕ್ಕೆ ನಿಂತವ್ನೆ. ಮಾನುಭಾವ ಒಳ್ಳೇನೇ ಇರ್ಬೋದು. ಆದ್ರೆ ಇದು ನೆಟ್ಟೋರ ಫೋಟೋ ಅಲ್ಲ, ನಿಂತೋರ ಫೋಟೋ."

ಫೋಟೋ ಮತ್ತೆ ಕೈಯಿಂದ ಕೈಗೆ ಹೋಯಿತು. ಈ ಸಲ ಯಾರೂ ಮುಖ ನೋಡಲಿಲ್ಲ. ಎಲ್ಲರೂ ಪೈರು ನೋಡಿದರು. ದಿನ ಬೆಳಗಾದರೆ ಪೈರು ಮುಟ್ಟುವ ಐವತ್ತು ಜನ, ಇಷ್ಟು ವರ್ಷ ಆ ಫೋಟೋದಲ್ಲಿ ಬಿಳಿಯನನ್ನು ಮಾತ್ರ ಕಂಡಿದ್ದರು.

"ಅದೆಂಗ್ ಗೊತ್ತು ಅಂತೀರಾ?" ಅವ್ವ ಮುಂದುವರಿಸಿದಳು. "ನಮ್ಮನೇಲೂ ಒಂದು ಫೋಟೋ ಅದೆ. ಇವ್ಳ ಅಪ್ಪಾರದು."

ನಾನು ಅನುವಾದ ನಿಲ್ಲಿಸಿದೆ. "ಅವ್ವ?"

"ಯೋಳು ಯೋಳು. ನಾನು ಒಂಟಿ ಪೈರು ನೆಡ್ತೀನಿ ಅಂದಾಗ ಊರೆಲ್ಲ ನಗಾಡ್ತು, ಜಯಮ್ಮ ಗದ್ದೆಗೆ ಬೊಟ್ಟಿಡ್ತಾವ್ಳೆ ಅಂತ. ಮಾನ ಓಯ್ತದೆ ಅಂತ ಇವ್ಳ ಅಪ್ಪಾರು ಹ್ಯಾಂಡ್‌ಪೋಸ್ಟಲ್ಲಿರೋ ಅವ್ರಕ್ಕನ್ ಮನೆಗೆ ಓಗಿ ಕುಂತ್ಕಂಡ್ರು. ಪೈರು ತೆಂಡೆ ಒಡ್ದು ಜನ ಬಾಯ್ ಮೇಲೆ ಕೈ ಇಟ್ಕಂಡ್ ಮೇಲೇ ಬಂದಿದ್ದು. ಅಷ್ಟೊತ್ಗೆ ಪೇಪರ್ನೋರು ಬಂದ್ರು. ನಾನು ಕೆಸ್ರಲ್ಲಿದ್ದೆ, ಇವ್ರು ಬಿಳೀ ಪಂಚೇಲಿದ್ರು. ಯಾರ್ ಫೋಟೋ ತೆಗಿತಾರೆ?"

ಇದನ್ನು ನಾನು ಇಂಗ್ಲಿಷಿನಲ್ಲಿ ಹಾಸಿನಾಗೆ ಹೇಳಿದೆ. ಆಕೆ ಹೇಳಿ ಮುಗಿಸುವ ಮೊದಲೇ ಹೆಂಗಸರು ನಗತೊಡಗಿದರು. ರಾಸುವಾ ಬಾಯಿಗೆ ಶಾಲು ಅಡ್ಡ ಹಿಡಿದರು. ನಾನೊಬ್ಬಳೇ ನಗಲಿಲ್ಲ. ನಡುಮನೆಯ ಫೋಟೋ ಕಣ್ಣ ಮುಂದೆ ಬಂತು. ಅಪ್ಪನ ಕೈಯಲ್ಲಿರುವ ಪೈರು ಎಷ್ಟು ಉದ್ದ? ಮಂಡಿಯುದ್ದ. ಹದಿನಾರು ವರ್ಷದಿಂದ ಊರಿಗೆ ಹೋದಾಗಲೆಲ್ಲ ನೋಡಿದ್ದೇನೆ.

"ನಾನು ಬದುವಿನ ಮೇಲಿಂದ ನೋಡಿದ್ದೆ, ಅಪ್ಪ ನೆಡೋದನ್ನ," ಎಂದೆ ಮೆಲ್ಲಗೆ, ಕನ್ನಡದಲ್ಲಿ.

"ನೀನಾ? ನೀನು ಮೈಸೂರಿನ ಹಾಸ್ಟೆಲ್ನಾಗಿದ್ದೆ ಕಣೆ."

ನೆನಪನ್ನು ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವಳು, ಒಂದು ಫೋಟೋದಿಂದ ಒಂದು ಇಡೀ ದಿನವನ್ನು ಕಟ್ಟಿಕೊಂಡು, ಅದರೊಳಗೆ ನನ್ನನ್ನೂ ನಿಲ್ಲಿಸಿಕೊಂಡಿದ್ದೆ. ರಾಸುವಾ ಅವರ ನೆನಪನ್ನು ಅಳೆಯಲು ಹಿಡಿದಿದ್ದ ಅಳತೆ ನನ್ನ ಕಡೆಗೇ ತಿರುಗಿತ್ತು.

ಆಗ ದಿನಚರಿಯಲ್ಲಿ ಗುರುತು ಹಾಕಿದ್ದ ಒಂದು ಸಾಲು ನೆನಪಾಯಿತು. ಇದು ನೆನಪಲ್ಲ, ಬರೆದದ್ದು. ನಾನೂ ಎದ್ದು, ಕ್ಷಮೆ ಕೇಳಿ, ಮೇಷ್ಟ್ರನ್ನು ಕೇಳಿದೆ: "ರಾಸುವಾ ಅವರ ಗದ್ದೆಗೆ ಊರಿನಲ್ಲಿ ಏನೆನ್ನುತ್ತಾರೆ?"

"ಬೋಳುತಲೆ."

"ಯಾವಾಗಿನಿಂದ?"

"ನನ್ನ ತಂದೆಯೂ ಹಾಗೇ ಅನ್ನುತ್ತಿದ್ದ."

"ಆ ಬೋಧಕರು ಬರುವ ಮೊದಲಿನಿಂದಲೂ?"

ಅವರು ಯೋಚಿಸಿದರು. "ನನ್ನ ತಂದೆ ತೀರಿಕೊಂಡದ್ದು ಅವರು ಬರುವ ಮೊದಲೇ."

"ಊರಿನಲ್ಲೇ ಹುಲುಸಾದ ಗದ್ದೆಗೆ ಬೋಳುತಲೆ ಎಂದು ಯಾಕೆ ಹೆಸರು ಬಂತು?"

ಮೇಷ್ಟ್ರು ರಾಸುವಾ ಅವರ ಕಡೆ ತಿರುಗಿ ನೋಡಿದರು. ರಾಬೆಯನ್ನು ಬದುವಿನ ಮೇಲೆ ನಿಂತು ಹಂಗಿಸಿದ ಮಾತು, ಆಡಿದವರೆಲ್ಲ ಸತ್ತ ಮೇಲೂ ಆ ಗದ್ದೆಗೆ ಅಂಟಿಕೊಂಡಿತ್ತು. ಊರು ದಿನವೂ ಸಾಕ್ಷಿ ಹೇಳುತ್ತಲೇ ಇತ್ತು; ಯಾರೂ ಕೇಳಿಸಿಕೊಂಡಿರಲಿಲ್ಲ.

ಮೇಷ್ಟ್ರು ಮತ್ತೆ ಎದ್ದು, ಈ ಸಲ ಚಿಕ್ಕದಾಗಿ ಕ್ಷಮೆ ಕೇಳಿದರು, ಅದೂ ರಾಸುವಾ ಒಬ್ಬರ ಕಡೆಗೆ ತಿರುಗಿ. ಹಲಗೆಯಲ್ಲಿ ಮೊದಲ ಸಾಲು ರಾಬೆಯದು ಎಂದರು. ಬೋಧಕನ ಹೆಸರನ್ನೂ ಕೆಳಗೆ ಬಿಡಬೇಕು, ಆತನೂ ಕೆಸರಿಗೆ ಇಳಿದವನೇ ಎಂದು ಹೇಳಿದ್ದು ರಾಸುವಾ. ಅಷ್ಟು ವರ್ಷ ಕಾದವರ ಔದಾರ್ಯ ಅದು. ಹಾಸಿನಾ ಅದನ್ನು ನನಗೆ ಅನುವಾದಿಸಿದ್ದು ಸಭೆ ಮುಗಿದ ಮೇಲೆ.

ಹಗ್ಗದ ಅರ್ಧ

ಹೊರಡುವ ದಿನ ಅವ್ವ ಮತ್ತು ರಾಸುವಾ ಬೋಳುತಲೆಯಲ್ಲಿ ಒಂದು ಸಾಲು ನಾಟಿ ಮಾಡಿದರು. ಅವ್ವ ಹಿಂದಕ್ಕೆ ಹೆಜ್ಜೆಯಿಡುತ್ತಾಳೆ. ರಾಸುವಾ ಕೂಡ ಹಿಂದಕ್ಕೆ. ಹೆಬ್ಬೆರಳಿನಿಂದ ಬೇರನ್ನು ಅಡ್ಡಕ್ಕೆ ಒತ್ತಿ ಮಲಗಿಸುವುದು ಇಬ್ಬರದೂ ಒಂದೇ ರೀತಿ. ಅವ್ವ ಹಗ್ಗ ಹಿಡಿದಳು, ರಾಸುವಾಗೆ ಹಗ್ಗ ಬೇಕಿರಲಿಲ್ಲ. ಅವರ ಗೇಣು ಪ್ರತಿಸಲ ಅವ್ವನ ಕೆಂಪು ಗುರುತಿನ ಮೇಲೇ ಬಂದು ನಿಲ್ಲುತ್ತಿತ್ತು.

ಮುಗಿದ ಮೇಲೆ ಅವ್ವ ಕುಡುಗೋಲು ಕೇಳಿ ಹಗ್ಗವನ್ನು ನಡುವಿಗೆ ಕತ್ತರಿಸಿ ಒಂದು ಅರ್ಧವನ್ನು ರಾಸುವಾ ಕೈಗಿಟ್ಟಳು. ರಾಸುವಾ ಅದನ್ನು ತಂದೆಯ ಕಲ್ಲಿಗೆ ಮೂರು ಸುತ್ತು ಸುತ್ತಿದರು. ಅಕ್ಷರವಿಲ್ಲದ ಆ ಕಲ್ಲಿನ ಮೇಲೆ ಗೇಣಿಗೊಂದು ಕೆಂಪು ಚುಕ್ಕೆ.

ವ್ಯಾನು ಹತ್ತಿದ ಮೇಲೆ ಕೇಳಿದೆ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನ್ ಯಾವತ್ತು ಕೇಳ್ದೆ?"

"ಊರಿಗೆ ಹೋದ ಮೇಲೆ ಆ ಫೋಟೋ ತೆಗೆದುಬಿಡೋಣ."

"ಇರ್ಲಿ ಬುಡು. ನಿಮ್ಮಪ್ಪಾರು ಆ ಪಂಚೇಲಿ ಚಂದಾಗವ್ರೆ."

ನಾಲೆ ನೀರು

ಈ ವರ್ಷ ನಾಲೆಗೆ ನೀರು ಬಿಟ್ಟು ವಾರವಾದ ಮೇಲೆ ನಾಟಿ. ಹುಣಸೂರಿನಿಂದ ಮುಂಜಾನೆಯ ಬಸ್ಸಿಗೇ ಬಂದೆ. ಒಟ್ಟಲಿನಲ್ಲಿ ಪೈರು ಬೆರಳುದ್ದವಿತ್ತು. ಕಿತ್ತು ನೋಡಿದೆ, ಬೇರಿನಲ್ಲಿ ಕಾಳು ಕಚ್ಚಿಕೊಂಡಿತ್ತು.

ಪಕ್ಕದ ಗದ್ದೆಯ ಚಿಕ್ಕಣ್ಣ ಬದುವಿನ ಮೇಲಿಂದ ಕೂಗಿದ. "ಏನಕ್ಕ, ಫಾರಿನ್‌ಗೆ ಓಗ್ಬಂದು ಅಗ್ಗ ಅರ್ಧ ಆಗೋಯ್ತಲ್ಲ?"

"ಇನ್ನರ್ಧ ಅಲ್ಲಿ ನಾಟಿ ಮಾಡ್ತಾದೆ ಕಣ್ಲಾ," ಎಂದಳು ಅವ್ವ.

ಅವಳು ಸೆರಗು ಸಿಕ್ಕಿಸಿ ಕೆಸರಿಗೆ ಇಳಿದಳು. ಬೆಳಕು ಚೆನ್ನಾಗಿತ್ತು. ನಾನು ಫೋನು ತೆಗೆದು, ಅವಳ ಕೈಯಲ್ಲಿದ್ದ ಆ ಒಂದು ಪೈರು ಸರಿಯಾಗಿ ಕಾಣುವಂತೆ ಹಿಡಿದೆ. ಈ ಸಲ ನೆಟ್ಟವರ ಫೋಟೋ ಇರಬೇಕು, ಅಪ್ಪನ ಪಕ್ಕದಲ್ಲೇ ತೂಗುಹಾಕಬೇಕು ಎಂದು ಮಡಗಾಸ್ಕರಿನಿಂದಲೇ ಯೋಚಿಸಿಕೊಂಡು ಬಂದಿದ್ದೆ.

"ಅದ್ನ ಅಲ್ಲಿ ಮಡ್ಗಿ, ಅಗ್ಗದ ಆ ತುದಿ ಇಡ್ಕ ಬಾ," ಎಂದಳು ಅವ್ವ ತಲೆ ಎತ್ತದೆ. "ಗಿಡ್ಡ ಅಗ್ಗ, ಒಬ್ಬಳ ಕೈಲಿ ಆಗಾಕಿಲ್ಲ."

ಫೋನನ್ನು ಬದುವಿನ ಮೇಲೆ ಚಪ್ಪಲಿಯ ಪಕ್ಕದಲ್ಲಿಟ್ಟು ಇಳಿದೆ. ಕೆಸರು ಮೊಣಕಾಲಿನವರೆಗೆ ಬಂತು. ಸಂಜೆಯವರೆಗೂ ಹಗ್ಗ ಹಿಡಿದೆ, ನನ್ನ ಕಡೆಯ ಸಾಲುಗಳನ್ನು ನೆಟ್ಟೆ. ಅರ್ಧಕ್ಕರ್ಧ ಸೊಟ್ಟಗೆ ಬಂದವು, ಅವ್ವ ಬೈದು ಎರಡು ಸಾಲು ಕೀಳಿಸಿದಳು.

ಆ ದಿನ ನಾನು ಅಲ್ಲಿದ್ದೆ. ಅದಕ್ಕೆ ಫೋಟೋ ಇಲ್ಲ.